ಇರುವೆ ಗೂಡಿನಲ್ಲಿ ಸಿಕ್ಕ ದಪ್ಪ ಮೀಸೆಯ ಜೀರುಂಡೆ: ಇದು ನಿಜವಾಗಲೂ ನೆಲಜೀರುಂಡೆಯೇ?

ಕಲ್ಲಡಿ ಕಣ್ಣು:
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಒಂದು ಚಪ್ಪಟೆ ಕಲ್ಲು ಎತ್ತಿ ನೋಡಿದೆ. ಅಡಿಯಲ್ಲಿ ಇರುವೆ ಗೂಡು. ಬೆಳಕು ಬಿದ್ದದ್ದೇ ತಡ, ಇರುವೆಗಳು ಮೊಟ್ಟೆ ಮರಿ ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡಿದವು. ಅವುಗಳ ಮಧ್ಯೆ ಒಂದು ಜೀರುಂಡೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಸುಮ್ನೆ ನಿಂತಿತ್ತು.

ಉದ್ದ ಸುಮಾರು 8 ಮಿ.ಮೀ. ಬಣ್ಣ ಕೆಂಪು ಬೆರೆತ ಕಂದು. ವಿಚಿತ್ರ ಇರುವುದು ಮೀಸೆಯಲ್ಲಿ. ತಲೆಗೆ ಎರಡು ಪುಟ್ಟ ಹುಣಸೆ ಬೀಜ ಅಂಟಿಸಿದ ಹಾಗಿದೆ. ಒಂದು ಇರುವೆ ಆ ಮೀಸೆ ಹಿಡಿದು ಜೀರುಂಡೆಯನ್ನು ಒಳಕ್ಕೆ ಎಳೆಯಲು ನೋಡುತ್ತಿತ್ತು. ಕಚ್ಚುತ್ತಿರಲಿಲ್ಲ, ಬರೀ ಎಳೆಯುತ್ತಿತ್ತು.

ಬೆರಳಿನಿಂದ ಎತ್ತಿಕೊಂಡೆ. 'ಟಪ್' ಅಂತ ಸಣ್ಣ ಸದ್ದು ಬಂತು, ಬೆರಳು ಚುರುಕ್ ಅಂದಿತು. ಗಾಯಕ್ಕೆ ಹಚ್ಚುವ ಅಯೋಡಿನ್ ತರದ ವಾಸನೆ. ಬೆರಳ ಮೇಲೆ ಕಂದು ಕಲೆ ಬಿದ್ದಿದೆ, ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ. ಮೂರು ಫೋಟೋ ತೆಗೆದು ಅದನ್ನು ಅಲ್ಲೇ ಬಿಟ್ಟು ಕಲ್ಲು ಮುಚ್ಚಿ ಬಂದೆ.

ಗೆಳೆಯನೊಬ್ಬ ಇದು ನೆಲಜೀರುಂಡೆ ಅನ್ನುತ್ತಾನೆ. ನಾನು ನೋಡಿದ ನೆಲಜೀರುಂಡೆಗಳಿಗೆಲ್ಲ ಉದ್ದ ಕಾಲು, ದಾರದಂಥ ಮೀಸೆ, ಓಡಿದರೆ ಕೈಗೆ ಸಿಗುವುದಿಲ್ಲ. ಇದು ಆಮೆಯ ಹಾಗೆ ನಡೆಯುತ್ತದೆ. ಯಾರಾದರೂ ಗೊತ್ತಿದ್ದವರು ಹೇಳಿ.

ಹಳೇ ಲೆನ್ಸ್:
ಸಗಣಿ ಹುಳದ ಕಡೆಯದು ಇರಬೇಕು. ಅವಕ್ಕೂ ಮೀಸೆಯ ತುದಿ ಗದೆಯ ಹಾಗೆ ದಪ್ಪ ಇರುತ್ತದೆ. ಎರಡನೇ ಫೋಟೋ ಅಲ್ಲಾಡಿದೆ, ಮುಂದಿನ ಸಲ ಕೈ ಎಲ್ಲಾದರೂ ಊರಿ ತೆಗೆಯಿರಿ.

ಗಟ್ಟಿರೆಕ್ಕೆ:
ಲೆನ್ಸ್ ಅವರೇ, ಸಗಣಿ ಹುಳ ಅಲ್ಲ. ಅದರ ಮೀಸೆ ತುದಿಯಲ್ಲಿ ಪುಸ್ತಕದ ಹಾಳೆಯಂತೆ ತೆರೆದು ಮುಚ್ಚುವ ಪದರಗಳಿರುತ್ತವೆ. ಇದರಲ್ಲಿ ಹಾಳೆಯೇ ಇಲ್ಲ, ಒಂದೇ ಗಟ್ಟಿ ಉಂಡೆ.

ಇದು ಪೌಸಸ್. ಗೆಳೆಯರು ಹೇಳಿದ್ದು ಸರಿ, ಇದು ನೆಲಜೀರುಂಡೆಯೇ. ಕ್ಯಾರಬಿಡೇ ಕುಟುಂಬ, ಪೌಸಿನೇ ಉಪಕುಟುಂಬ. ಫೋಟೋ ಇಲ್ಲದಿದ್ದರೂ ನಿಮ್ಮ ಬೆರಳಿನ ಕಲೆ ನೋಡಿಯೇ ಅರ್ಧ ಹೇಳಬಹುದಿತ್ತು. ಆ ವಾಸನೆ, ಆ ಕಂದು ಬಣ್ಣ ಎರಡೂ ಕ್ವಿನೋನ್ ಅನ್ನುವ ರಾಸಾಯನಿಕದ್ದು. ಚರ್ಮಕ್ಕೆ ಹಿಡಿದರೆ ಸೋಪಿಗೆ ಜಗ್ಗುವುದಿಲ್ಲ. ಮೇಲಿನ ಚರ್ಮ ಸವೆದು ಹೋಗುವವರೆಗೆ ಇರುತ್ತದೆ, ಹೆದರಬೇಡಿ. ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ.

ಕುಲದ ಹೆಸರು ಹೇಳಿದೆ, ಪ್ರಭೇದ ಕೇಳಬೇಡಿ. ಪೌಸಸ್ ಕುಲವೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಆಫ್ರಿಕಾ ಮತ್ತು ಏಷ್ಯಾದ ಬಿಸಿ ನಾಡುಗಳಲ್ಲಿ ಜಾಸ್ತಿ. ಜಾಸ್ತಿ ಅಂದರೆ ಹೆಸರುಗಳು ಜಾಸ್ತಿ. ಕಣ್ಣಿಗೆ ಬೀಳುವುದು ತೀರಾ ಕಡಿಮೆ, ಇಡೀ ಬದುಕು ಇರುವೆ ಗೂಡಿನೊಳಗೇ ಕಳೆಯುತ್ತವೆ.

ಕಲ್ಲಡಿ ಕಣ್ಣು:
ಕಲೆ ನೋಡಿ ಕುಲ ಹೇಳಿದಿರಲ್ಲ ಸರ್! ಮೂರನೇ ಫೋಟೋದಲ್ಲಿ ಅದು ಮಗುಚಿ ಬಿದ್ದಿತ್ತು, ಕೆಲಸಕ್ಕೆ ಬರುವುದಿಲ್ಲ ಅಂತ ಹಾಕಿರಲಿಲ್ಲ. ಈಗ ಹಾಕಿದ್ದೇನೆ.

ಪ್ರಶ್ನೆಪತ್ರಿಕೆ:
ನನಗೆ ಇದು ಒಪ್ಪಿಗೆ ಆಗುತ್ತಿಲ್ಲ. ಮೀಸೆ ಬೇರೆ, ನಡಿಗೆ ಬೇರೆ, ಊಟ ಬೇರೆ, ಮನೆ ಬೇರೆ. ಏನೂ ಹೋಲದೆ ಇರುವುದನ್ನು ನೆಲಜೀರುಂಡೆ ಅನ್ನುವುದಾದರೆ ಆ ಹೆಸರಿಗೆ ಅರ್ಥ ಏನು? ನನ್ನ ಹತ್ತಿರ ಇರುವ ಹಳೆಯ ಪುಸ್ತಕವೊಂದರಲ್ಲಿ ಪೌಸಿಡೇ ಅಂತ ಬೇರೆಯೇ ಕುಟುಂಬ ಇದೆ. ಯಾವಾಗ ಬದಲಾಯಿತು? ಯಾರು ಬದಲಾಯಿಸಿದರು?

ಗಟ್ಟಿರೆಕ್ಕೆ:
ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಆದರೆ ದಾಟಿಕೊಳ್ಳಿ.

ಈ ಕುಲಕ್ಕೆ ಹೆಸರಿಟ್ಟವರು ಲಿನೇಯಸ್, 1775ರಲ್ಲಿ. ಮೊದಲ ಪ್ರಭೇದ ಪೌಸಸ್ ಮೈಕ್ರೊಸೆಫಾಲಸ್, ಅಂದರೆ ಸಣ್ಣ ತಲೆಯದು. ಅವರು ತೀರಿಕೊಂಡದ್ದು 1778ರಲ್ಲಿ. 'ನಿಲುಗಡೆ' ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರು ತೆಗೆದರು, ತನ್ನ ಕೆಲಸ ಮುಗಿಯುತ್ತಾ ಬಂತು ಅನ್ನುವ ಸೂಚನೆ ಅದರಲ್ಲಿತ್ತು ಅನ್ನುವ ಮಾತೊಂದು ಇದೆ. ಅಲ್ಲಿಂದ ಮುಂದೆ ಪೌಸಸ್ ಮನೆಯಿಂದ ಮನೆಗೆ ಅಲೆಯಿತು. ದಪ್ಪ ಮೀಸೆ ಕಂಡವರು ದಪ್ಪ ಮೀಸೆಯವರ ಸಾಲಿಗೆ ಕೂರಿಸಿದರು. ನಮ್ಮ ಲೆನ್ಸ್ ಅವರು ಮಾಡಿದ್ದೂ ಅದನ್ನೇ. ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ ಅಲ್ವಾ? ಹೆರ್ಮಾನ್ ಬುರ್ಮೈಸ್ಟರ್ 19ನೇ ಶತಮಾನದಲ್ಲೇ ಇದರ ನಂಟು ನೆಲಜೀರುಂಡೆಗಳ ಕಡೆಗಿದೆ ಎಂದರು. ಆದರೂ ಬೇರೆ ಕುಟುಂಬದ ಹಲಗೆ ಬಹಳ ಕಾಲ ಕೆಳಗಿಳಿಯಲಿಲ್ಲ.

ಈಗ ಆ ಮಗುಚಿದ ಫೋಟೋ ನೋಡಿ. ನಿಮಗೆ ಬೇಡವಾದದ್ದೇ ಇಲ್ಲಿ ಚಿನ್ನ. ಹಿಂಗಾಲಿನ ಬುಡದಲ್ಲಿ ಎದೆಗೆ ಅಂಟಿಕೊಂಡ ಅಗಲ ತುಂಡು ಕಾಣುತ್ತದೆ. ಅದರ ಹೆಸರು ಕಾಕ್ಸಾ. ಬೇರೆ ಹೆಚ್ಚಿನ ಜೀರುಂಡೆಗಳಲ್ಲಿ ಅದು ಅಲ್ಲಾಡುತ್ತದೆ. ಇಲ್ಲಿ ಅಲ್ಲಾಡುವುದಿಲ್ಲ, ಮೈಗೆ ಬೆಸೆದುಕೊಂಡಿದೆ. ಅಷ್ಟೇ ಅಲ್ಲ, ಹಿಂದಕ್ಕೆ ಚಾಚಿ ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ಹೋಳು ಮಾಡಿದೆ. ಇದು ಅಡೆಫಗ ಎಂಬ ಉಪಗಣದ ಗುರುತು. ನೆಲಜೀರುಂಡೆ, ಹುಲಿ ಜೀರುಂಡೆ, ನೀರಲ್ಲಿ ಮುಳುಗಿ ಈಜುವ ಜೀರುಂಡೆ ಎಲ್ಲ ಈ ಗುಂಪಿನವು. ಸಗಣಿ ಹುಳಕ್ಕೆ ಈ ಕಟ್ಟು ಇಲ್ಲ. ಅಲ್ಲಿಗೆ ಮುಕ್ಕಾಲು ಪಾಲು ವಾದ ಮುಗಿಯಿತು.

ಹಳೇ ಲೆನ್ಸ್:
ಸರಿ ಮಾರಾಯ್ರೇ, ಸೋತೆ. ಇನ್ನು ಮೇಲೆ ಹೊಟ್ಟೆಯ ಫೋಟೋ ಇಲ್ಲದೆ ಬಾಯಿ ಬಿಡುವುದಿಲ್ಲ.

ಇರುವೆಸಾಲು:
ನನಗೆ ಜೀರುಂಡೆ ಗೊತ್ತಿಲ್ಲ, ಇರುವೆ ಗೊತ್ತು. ಕಲ್ಲಡಿಯವರೇ, ಆ ಇರುವೆಗಳಲ್ಲಿ ಎರಡು ಅಳತೆ ಇತ್ತೇ? ಸಣ್ಣವು ಬಹಳ, ನಡುನಡುವೆ ಮೈಗಿಂತ ತಲೆಯೇ ದೊಡ್ಡದಾದ ಕೆಲವು?

ಕಲ್ಲಡಿ ಕಣ್ಣು:
ಹೌದು ಹೌದು! ಹೆಲ್ಮೆಟ್ ಹಾಕಿದ ಹಾಗೆ ಕಾಣುತ್ತಿದ್ದವು.

ಇರುವೆಸಾಲು:
ಹಾಗಾದರೆ ಅವು ಫೈಡೋಲಿ ಎಂಬ ಕುಲದ ಇರುವೆಗಳು. ಪೌಸಸ್‌ಗಳು ಹೆಚ್ಚಾಗಿ ಸೇರಿಕೊಳ್ಳುವುದು ಫೈಡೋಲಿ ಗೂಡಿಗೇ. ದೊಡ್ಡ ತಲೆಯವು ಸೈನಿಕರು, ಕಾಳು ಒಡೆಯುವುದಕ್ಕೂ ಅವರೇ ಬೇಕು.

ನೀವು ನೋಡಿದ ಎಳೆದಾಟಕ್ಕೆ ಕಾರಣ ಇದೆ. ಆ ಹುಣಸೆ ಬೀಜದ ಒಳಗೆ ಗ್ರಂಥಿಗಳಿವೆ. ಅಲ್ಲಿಂದ ಸಣ್ಣ ರಂಧ್ರಗಳ ಮೂಲಕ, ಕೂದಲ ಗೊಂಚಲಿನ ಮೇಲೆ ದ್ರವ ಒಸರುತ್ತದೆ. ಇರುವೆಗಳಿಗೆ ಅದರ ಹುಚ್ಚು. ನೆಕ್ಕುತ್ತಾ, ಮೀಸೆ ಹಿಡಿದು ಎಳೆಯುತ್ತಾ ತಾವೇ ಅದನ್ನು ಒಳಗೆ ಕರೆದುಕೊಳ್ಳುತ್ತವೆ. ಜೀರುಂಡೆ ಒಳಗೆ ಹೋಗಿ ಇರುವೆ ಮೊಟ್ಟೆ, ಮರಿ ತಿನ್ನುತ್ತದೆ. ದೊಡ್ಡ ಇರುವೆಯ ಹೊಟ್ಟೆಗೇ ದವಡೆ ಚುಚ್ಚಿ ರಸ ಹೀರುವುದನ್ನೂ ನೋಡಿದ್ದಾರೆ. ಉಂಡ ಮನೆಯ ಜಂತೆ ಎಣಿಸುವುದು ಅಂತೀವಲ್ಲ, ಇದು ಜಂತೆಯನ್ನೇ ತಿನ್ನುತ್ತದೆ.

ಇನ್ನೊಂದು ಸಂಗತಿ ಕೇಳಿ. ಸ್ಪೇನ್, ಮೊರಾಕೊ ಕಡೆ ಪೌಸಸ್ ಫಾವಿಯೆರಿ ಅಂತ ಒಂದಿದೆ. ಅದು ಹಿಂಗಾಲನ್ನು ಹೊಟ್ಟೆಗೆ ತಿಕ್ಕಿ ಸದ್ದು ಮಾಡುತ್ತದೆ. 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಆ ಸದ್ದಿನಲ್ಲಿ ಮೂರು ಬಗೆ. ಒಂದು ಕೆಲಸಗಾರ ಇರುವೆಯ ಸದ್ದಿಗೆ, ಒಂದು ಸೈನಿಕನ ಸದ್ದಿಗೆ, ಇನ್ನೊಂದು ರಾಣಿಯ ಸದ್ದಿಗೆ ಹೊಂದುತ್ತದೆ. ರಾಣಿಯ ದನಿಯಲ್ಲಿ ಮಾತಾಡಿದರೆ ಯಾರು ತಾನೇ ಹೊರಗೆ ಹಾಕುತ್ತಾರೆ?

ಮಳೆ ನಿಂತ ಮೇಲೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಜೀರುಂಡೆ ಅಂದರೆ ಮರದ ಮೇಲೆ ಕೂತು ಕಿವಿ ಗುಂಯ್ ಅನ್ನುವ ಹಾಗೆ ಕಿರುಚುವ ಹುಳ. ಅದಕ್ಕೆ ಗಟ್ಟಿ ರೆಕ್ಕೆಯೇ ಇಲ್ಲವಲ್ಲ?

ಗಟ್ಟಿರೆಕ್ಕೆ:
ಅದು ಸಿಕಾಡ, ಬೇರೆಯೇ ಗಣ. ಕನ್ನಡದಲ್ಲಿ ಎರಡಕ್ಕೂ ಜೀರುಂಡೆ ಅನ್ನುವುದುಂಟು. ದುಂಬಿ ಅಂದರೆ ಜೇನು ಹೀರುವ ಕರಿ ದುಂಬಿ ನೆನಪಾಗುತ್ತದೆ. ಇಲ್ಲಿ ಜೀರುಂಡೆ ಅಂದರೆ ಮೇಲೆ ಗಟ್ಟಿ ರೆಕ್ಕೆಯ ಮುಚ್ಚಳ ಇರುವ ಹುಳ ಅಂತ ಇಟ್ಟುಕೊಳ್ಳೋಣ. ನನ್ನ ಹೆಸರೇ ಅದಕ್ಕೆ ಗಟ್ಟಿರೆಕ್ಕೆ.

ಪ್ರಶ್ನೆಪತ್ರಿಕೆ:
ಕಾಕ್ಸಾ ಒಪ್ಪಿದೆ. ಆದರೆ ಅದು ಉಪಗಣದ ಗುರುತು ಅಂತ ನೀವೇ ಹೇಳಿದ್ದೀರಿ. ನೀರಿನ ಜೀರುಂಡೆಗೂ ಅದೇ ಕಾಕ್ಸಾ, ಆದರೂ ಅದಕ್ಕೆ ಬೇರೆ ಕುಟುಂಬ. ಹುಲಿ ಜೀರುಂಡೆಗಳನ್ನು ಬಹಳ ಕಾಲ ಕ್ಯಾರಬಿಡೇ ಒಳಗೆ ಇಟ್ಟುಕೊಂಡಿದ್ದು, 2020ರಲ್ಲಿ ಮತ್ತೆ ಸಿಸಿಂಡೆಲಿಡೇ ಅಂತ ಬೇರೆ ಕುಟುಂಬ ಮಾಡಿದರು. ಅವಕ್ಕೆ ಸಿಕ್ಕ ಪಾಲು ಪೌಸಸ್‌ಗೆ ಯಾಕೆ ಇಲ್ಲ? ಹುಲಿ ಜೀರುಂಡೆ ನೋಡಲು ನೆಲಜೀರುಂಡೆಯ ಹಾಗೇ ಇದೆ, ಅದು ಹೊರಗೆ. ಪೌಸಸ್ ಹೋಲುವುದೇ ಇಲ್ಲ, ಅದು ಒಳಗೆ. ಇದು ಯಾವ ನ್ಯಾಯ?

ಗಟ್ಟಿರೆಕ್ಕೆ:
ಹೋಲಿಕೆಯಲ್ಲಿ ಪಾಲು ಮಾಡಿದರೆ ಅನ್ಯಾಯವೇ. ಕವಲು ಎಲ್ಲಿ ಒಡೆಯಿತು ಅಂತ ನೋಡಿ ಪಾಲು ಮಾಡುತ್ತಾರೆ. ಹುಲಿ ಜೀರುಂಡೆಯ ಕವಲು ಬಹಳ ಹಿಂದೆಯೇ, ಬುಡದ ಹತ್ತಿರವೇ ಬೇರೆಯಾಗಿದೆ ಅನ್ನುವುದು ಅದನ್ನು ಹೊರಗೆ ಇಟ್ಟವರ ವಾದ. ಪೌಸಸ್ ಕಥೆ ತಿರುಗಾಮುರುಗಾ. ಅದಕ್ಕೆ ಕ್ಯಾರಬಿಡೇ ಒಳಗೇ ಅಣ್ಣತಮ್ಮಂದಿರಿದ್ದಾರೆ.

ಮೆಟ್ರಿಯಸ್ ಅಂತ ಒಂದು ಕುಲ, ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. ನೋಡಿದರೆ ಯಾರೇ ಆದರೂ ನೆಲಜೀರುಂಡೆ ಅನ್ನುತ್ತಾರೆ. ಕಪ್ಪು ಮೈ, ಮಾಮೂಲಿ ಮೀಸೆ, ಇರುವೆಯ ಸಹವಾಸ ಇಲ್ಲ. ಆಮೇಲೆ ಒಜೀನಿನಿ ಎಂಬ ಗುಂಪು. ಇವುಗಳ ಮೀಸೆಯ ತುಂಡುಗಳು ಕೊಂಚ ದಪ್ಪ, ಉಳಿದದ್ದೆಲ್ಲ ಮಾಮೂಲಿ. ಅದಾದ ಮೇಲೆ ಪೌಸಸ್ ಬಳಗ. ಒಜೀನಿನಿಯ ಒಳಗಿನ ಒಂದು ಕವಲೇ ಪೌಸಸ್ ಬಳಗ ಅಂತ ಡಿಎನ್‌ಎ ಆಧರಿಸಿದ ಅಧ್ಯಯನಗಳೂ ತೋರಿಸಿವೆ. ಈಗ ಪೌಸಸ್‌ಗೆ ಬೇರೆ ಕುಟುಂಬ ಕೊಟ್ಟರೆ ಒಜೀನಿನಿಯನ್ನು ಏನು ಮಾಡುತ್ತೀರಿ? ಅಣ್ಣನ ಮಕ್ಕಳು ಒಂದು ಮನೆ, ಅದೇ ಅಣ್ಣನ ಮೊಮ್ಮಗ ಇನ್ನೊಂದು ಮನೆ ಅಂದ ಹಾಗೆ ಆಗುತ್ತದೆ.

ಪ್ರಶ್ನೆಪತ್ರಿಕೆ:
ಇವರೆಲ್ಲ ಅಣ್ಣತಮ್ಮಂದಿರು ಅನ್ನುವುದಕ್ಕೆ ಡಿಎನ್‌ಎ ಬಿಟ್ಟು ಬೇರೆ ಸಾಕ್ಷಿ? ಹಳೆಯ ಕೆಲವು ಡಿಎನ್‌ಎ ಮರಗಳಲ್ಲಿ ಪೌಸಸ್ ಎಲ್ಲೆಲ್ಲೋ ಹೋಗಿ ಕೂತಿತ್ತು ಅಂತ ಓದಿದ್ದೇನೆ.

ಗಟ್ಟಿರೆಕ್ಕೆ:
ಸರಿಯಾಗಿ ಓದಿದ್ದೀರಿ. ಒಂದೇ ಜೀನ್ ಹಿಡಿದು ಮರ ಕಟ್ಟಿದರೆ ಆ ಅಪಾಯ ಇದೆ. ಯಾವ ವಂಶ ಬೇಗ ಬೇಗ ಬದಲಾಗಿದೆಯೋ ಅವೆಲ್ಲ ಒಂದಕ್ಕೊಂದು ನಂಟಿಲ್ಲದಿದ್ದರೂ ಒಟ್ಟಿಗೆ ಬಂದು ಕೂರುತ್ತವೆ. ಅಲ್ಲೂ ಒಂದು ಥರ ಮುಖ ನೋಡಿ ಮಣೆ ಹಾಕಿದ್ದೇ.

ಬೇರೆ ಸಾಕ್ಷಿ ನಿಮಗೆ ಎರಡು ಕೊಡುತ್ತೇನೆ. ಒಂದು ಕಲ್ಲಡಿಯವರ ಬೆರಳಿನ ಮೇಲಿದೆ.

ಜೀರುಂಡೆಯ ಹೊಟ್ಟೆಯ ತುದಿಯಲ್ಲಿ ಒಂದು ಜೊತೆ ಗ್ರಂಥಿ. ಪ್ರತಿಯೊಂದಕ್ಕೂ ಎರಡು ಕೋಣೆ. ಒಳಕೋಣೆಯಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆತು ಸುಮ್ಮನೆ ಇರುತ್ತವೆ. ಅಪಾಯ ಬಂದರೆ ಬಾಗಿಲು ತೆರೆದು ಹೊರಕೋಣೆಗೆ ಬಿಡುತ್ತದೆ. ಅಲ್ಲಿ ಕಿಣ್ವಗಳು ಕಾದಿರುತ್ತವೆ. ತಕ್ಷಣ ಸ್ಫೋಟ. ದ್ರವ ಬಿಸಿಯೇರಿ ಕ್ವಿನೋನ್ ಆಗಿ ಹೊರಗೆ ಚಿಮ್ಮುತ್ತದೆ. ನೀವು ಕೇಳಿದ 'ಟಪ್' ಅದೇ. ಬಾಂಬರ್ ಜೀರುಂಡೆ ಅಂತ ಪ್ರಸಿದ್ಧವಾದ ಬ್ರಾಕಿನಸ್ ಮಾಡುವುದೂ ಇದನ್ನೇ. ಜೀರುಂಡೆಗಳಲ್ಲಿ ಒಟ್ಟು ನಾಲ್ಕು ಲಕ್ಷದಷ್ಟು ಪ್ರಭೇದಗಳಿಗೆ ಹೆಸರಿದೆ. ಇಂಥ ಬಿಸಿ ಬಾಂಬು ಇರುವುದು ಎರಡೇ ಕಡೆ, ಬ್ರಾಕಿನಸ್ ಬಳಗದಲ್ಲಿ ಮತ್ತು ಪೌಸಸ್ ಬಳಗದಲ್ಲಿ. ಎರಡೂ ನೆಲಜೀರುಂಡೆಗಳೇ. ಈ ವಿದ್ಯೆ ಒಂದೇ ಸಲ ಹುಟ್ಟಿತೋ ಎರಡು ಸಲವೋ ಎಂಬ ಜಗಳ ಬೇರೆ ಇದೆ.

ಗುರಿ ಇಡುವ ರೀತಿ ಮಾತ್ರ ಬೇರೆ. ಬ್ರಾಕಿನಸ್ ಹೊಟ್ಟೆಯ ತುದಿಯನ್ನೇ ಬೇಕಾದ ಕಡೆ ತಿರುಗಿಸುತ್ತದೆ. ಒಜೀನಿನಿ ಮತ್ತು ಪೌಸಸ್ ಬಳಗದಲ್ಲಿ ರೆಕ್ಕೆಯ ಮುಚ್ಚಳದ ಹಿಂದಿನ ಅಂಚಿನಲ್ಲಿ ಎರಡೂ ಬದಿಗೆ ಒಂದೊಂದು ಸಣ್ಣ ಮಡಿಕೆ ಇದೆ. ಚಿಮ್ಮಿದ ದ್ರವ ಆ ಬಾಗಿದ ಮಡಿಕೆಗೆ ಅಂಟಿಕೊಂಡೇ ಹರಿದು ಮುಂದಕ್ಕೆ ತಿರುಗುತ್ತದೆ. ಸುರಿಯುವ ನೀರಿಗೆ ಚಮಚದ ಬೆನ್ನು ಹಿಡಿದರೆ ನೀರು ಬಾಗುತ್ತದಲ್ಲ, ಅದೇ. ಕೊಆಂಡಾ ಪರಿಣಾಮ ಅಂತ ಹೆಸರು. ಥಾಮಸ್ ಐಸ್ನರ್ ಮತ್ತು ಡೇನಿಯಲ್ ಅನೆಶಾನ್ಸ್ಲಿ 1982ರಲ್ಲಿ ಇದನ್ನು ತೋರಿಸಿಕೊಟ್ಟರು. ಮೆಟ್ರಿಯಸ್‌ಗೆ ಆ ಮಡಿಕೆ ಇಲ್ಲ, ಅದು ಬಿಸಿ ನೊರೆ ಉಕ್ಕಿಸುತ್ತದೆ ಅಷ್ಟೇ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊದಲ ಫೋಟೋವನ್ನು ದೊಡ್ಡದು ಮಾಡಿ, ಬಾಲದ ಹತ್ತಿರ ಬದಿಯಲ್ಲಿ ನೋಡಿ. ಮಡಿಕೆ ಸಿಗುತ್ತದೆ.

ಎರಡನೇ ಸಾಕ್ಷಿ ಮರಿಹುಳು. ಈ ಬಳಗದ ಮರಿಹುಳುವಿನ ಹಿಂಬದಿ ಚಪ್ಪಟೆಯಾಗಿ ತಟ್ಟೆಯ ಹಾಗೆ ಇರುತ್ತದೆ. ಒಜೀನಿನಿ ಮರಿ ಬಿಲದಲ್ಲಿ ಕೂತು ಆ ತಟ್ಟೆಯನ್ನೇ ಬಾಗಿಲು ಮಾಡಿಕೊಂಡು ಬೇಟೆಗೆ ಕಾಯುತ್ತದೆ. ಪೌಸಸ್ ಮರಿಗೂ ಅದೇ ತಟ್ಟೆ, ಆದರೆ ಈಗ ಅದರಿಂದ ಇರುವೆಗಳಿಗೆ ಇಷ್ಟವಾಗುವ ದ್ರವ ಬರುತ್ತದೆ. ಬಾಗಿಲಾಗಿದ್ದದ್ದು ಲಂಚದ ತಟ್ಟೆಯಾಯಿತು. ಪೌಸಸ್ ಮರಿಗಳನ್ನು ನೋಡಿದವರು ಬೆರಳೆಣಿಕೆಯಷ್ಟು.

ಕಲ್ಲಡಿ ಕಣ್ಣು:
ಮಡಿಕೆ ಸಿಕ್ಕಿತು! ನಾನು ಅದನ್ನು ಮುರಿದ ರೆಕ್ಕೆ ಅಂದುಕೊಂಡಿದ್ದೆ.

ಇನ್ನು ಮೇಲೆ ಕೈಯಲ್ಲಿ ಮುಟ್ಟುವುದಿಲ್ಲ ಬಿಡಿ.

ಹಳೇ ಲೆನ್ಸ್:
ನೀವು ಕೈಯಲ್ಲಿ ಹಿಡಿದಿರಿ, ಡಾರ್ವಿನ್ ಬಾಯಲ್ಲಿ ಹಿಡಿದಿದ್ದರು. ಎರಡು ಕೈಯಲ್ಲೂ ಒಂದೊಂದು ನೆಲಜೀರುಂಡೆ. ಆಗ ಪೆನೇಜಿಯಸ್ ಕ್ರುಕ್ಸ್-ಮೇಜರ್ ಎಂಬ ಅಪರೂಪದ್ದು ಕಣ್ಣಿಗೆ ಬಿತ್ತು. ಆಸೆ ತಡೆಯದೆ ಕೈಯಲ್ಲಿದ್ದ ಒಂದನ್ನು ಹಲ್ಲಿನ ನಡುವೆ ಇಟ್ಟುಕೊಂಡರು. ಅದು ಗಂಟಲಿಗೇ ಆಸಿಡ್ ಬಿಟ್ಟಿತು. ಕೊನೆಗೆ ಮೂರೂ ಹೋದವು. ಅದು ಬಾಂಬರ್ ಅಲ್ಲ, ಮಾಮೂಲಿ ನೆಲಜೀರುಂಡೆ. ಬಾಂಬರ್ ಆಗಿದ್ದರೆ ಏನು ಕಥೆಯೋ!

ಪ್ರಶ್ನೆಪತ್ರಿಕೆ:
ಮೀಸೆ ಒಂದು ಉಳಿಯಿತು. ದಾರದಂಥ ಮೀಸೆ ಹುಣಸೆ ಬೀಜ ಆಗಬೇಕಾದರೆ ನಡುವೆ ಏನಾದರೂ ಇರಬೇಕಲ್ಲ.

ಗಟ್ಟಿರೆಕ್ಕೆ:
ಇದೆ. ನಿಜವಾದ ಅಪರೂಪ ಅಂದರೆ ಅದು. ಪ್ರೊಟೊಪೌಸಸ್.

ಮಾಮೂಲಿ ನೆಲಜೀರುಂಡೆಯ ಮೀಸೆಯಲ್ಲಿ 11 ತುಂಡು. ಪೌಸಸ್‌ನಲ್ಲಿ ಬುಡದ ತುಂಡುಗಳನ್ನು ಬಿಟ್ಟು ಉಳಿದವೆಲ್ಲ ಬೆಸೆದು ಒಂದೇ ಗದೆ. ಮೇಲ್ನೋಟಕ್ಕೆ ಎರಡೇ ತುಂಡು ಕಾಣುತ್ತದೆ. ಲಿಯೊನಾರ್ಡೊ ಫಿಯಾ ಬರ್ಮಾದಲ್ಲಿ ಸಂಗ್ರಹಿಸಿದ ಹುಳಗಳಲ್ಲಿ ಒಂದನ್ನು ನೋಡಿ ಇಟಲಿಯ ರಫೇಲ್ಲೊ ಜೆಸ್ಟ್ರೊ 1892ರಲ್ಲಿ ಪ್ರೊಟೊಪೌಸಸ್ ಫಿಯೇ ಎಂದು ಹೆಸರಿಟ್ಟರು. ಮೈಯೆಲ್ಲ ಪೌಸಸ್ ಬಳಗದ್ದು. ಮೀಸೆಯಲ್ಲಿ ಮಾತ್ರ 11 ತುಂಡೂ ಬಿಡಿಬಿಡಿಯಾಗಿ ಎಣಿಸಬಹುದು. 'ಮೊದಲ ಪೌಸಸ್' ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಏಷ್ಯಾದಲ್ಲಿ ಇದರ ಕೆಲವೇ ಪ್ರಭೇದಗಳು ಗೊತ್ತು, ಸಿಕ್ಕಿರುವ ಮಾದರಿಗಳೂ ಬಹಳ ಕಡಿಮೆ.

ಆದರೆ ಇದನ್ನು ಪೌಸಸ್‌ನ ಅಜ್ಜ ಅಂತ ತಿಳಿಯಬೇಡಿ. ಇದೂ ಇವತ್ತು ಬದುಕಿರುವ ಹುಳವೇ. ಹಳೆಯ ಮೀಸೆ ಉಳಿಸಿಕೊಂಡ ದಾಯಾದಿ ಅಂದರೆ ಸರಿ. ಬಾಲ್ಟಿಕ್ ಅಂಬರಿನಲ್ಲಿ, ಅಂದರೆ ಸುಮಾರು ನಾಲ್ಕು ಕೋಟಿ ವರ್ಷ ಹಿಂದಿನ ಮರದ ಅಂಟಿನಲ್ಲಿ, ಆಗಲೇ ಅಗಲ ಮೀಸೆಯ ಪೌಸಸ್ ಬಳಗದವು ಸಿಕ್ಕಿಕೊಂಡಿವೆ.

ಆದರೂ ಮೀಸೆಯನ್ನೇ ನಂಬಿ ಪ್ರಭೇದ, ಕುಲ ಅಂತ ಗೆರೆ ಎಳೆಯುವುದು ಕಷ್ಟ. ಮಡಗಾಸ್ಕರ್ ನೋಡಿ. ಅಲ್ಲಿ ಪೌಸಸ್‌ನ ಎಂಬತ್ತಕ್ಕೂ ಹೆಚ್ಚು ಪ್ರಭೇದಗಳು. ತಟ್ಟೆ, ಬಟ್ಟಲು, ಕೊಂಬು, ದೋಣಿ, ಒಂದೊಂದರ ಮೀಸೆ ಒಂದೊಂದು ಆಕಾರ. ಎಲ್ಲವೂ ಒಂದೇ ಮೂಲದಿಂದ ಸುಮಾರು 26 ಲಕ್ಷ ವರ್ಷಗಳಲ್ಲಿ ಕವಲೊಡೆದವು ಅಂತ 2014ರ ಡಿಎನ್‌ಎ ಅಧ್ಯಯನ ಹೇಳುತ್ತದೆ. ಜೀರುಂಡೆಗಳ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ.

ಮಳೆ ನಿಂತ ಮೇಲೆ:
ಮೀಸೆ ಕತ್ತಲಲ್ಲಿ ಹೊಳೆಯುತ್ತದೆ ಅಂತ ಎಲ್ಲೋ ಓದಿದ ನೆನಪು. ನಿಜವೇ?

ಗಟ್ಟಿರೆಕ್ಕೆ:
ಅದು ಆಡಮ್ ಆಫ್ಜೆಲಿಯಸ್ ಹೇಳಿದ್ದು. ಲಿನೇಯಸ್ ಅವರ ಶಿಷ್ಯ. ಸಿಯೆರಾ ಲಿಯೋನ್‌ನಲ್ಲಿದ್ದಾಗ ಪೌಸಸ್ ಸ್ಫೀರೊಸೆರಸ್ ಸಿಕ್ಕಿತು, ಅದರ ಮೀಸೆಯ ಗುಂಡುಗಳು ಮಂದವಾಗಿ ಬೆಳಗಿದ್ದನ್ನು ಕಂಡೆ ಎಂದು 1798ರಲ್ಲಿ ಅಚ್ಚಾದ ಬರಹದಲ್ಲಿ ಬರೆದರು. ಆಮೇಲೆ ಜೀವಂತ ಪೌಸಸ್ ಸಾಕಿ ನೋಡಿದವರು ಯಾರೂ ಆ ಬೆಳಕನ್ನು ಕಂಡಿಲ್ಲ. ನನಗಂತೂ ನಂಬಿಕೆ ಇಲ್ಲ. ನುಣುಪಾದ ಮೀಸೆಯ ಮೇಲೆ ದೀಪದ ಬೆಳಕು ಬಿದ್ದು ಹೊಳೆದಿರಬೇಕು.

ಇರುವೆಸಾಲು:
ಈ ಗುಂಪಿನ ಮೇಲೆ 1950ರಲ್ಲಿ ದೊಡ್ಡ ಕೆಲಸ ಪ್ರಕಟಿಸಿದ ಫಿಲಿಪ್ ಡಾರ್ಲಿಂಗ್ಟನ್ ಬಗ್ಗೆ ಯಾರೂ ಹೇಳಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ನ್ಯೂಗಿನಿಯಲ್ಲಿ ಮೊಸಳೆ ಅವರನ್ನು ಹಿಡಿದು ನೀರಿಗೆಳೆಯಿತು. ಬಿಡಿಸಿಕೊಂಡು ಬಂದು, ಕೈಗೆ ಪೆಟ್ಟಾಗಿದ್ದರೂ ಜೀರುಂಡೆ ಹಿಡಿಯುವುದನ್ನು ಬಿಡಲಿಲ್ಲ. ವಿಷಯಕ್ಕೆ ಸಂಬಂಧ ಇಲ್ಲ, ಹೇಳದೆ ಇರಲು ಆಗಲಿಲ್ಲ.

ಕಲ್ಲಡಿ ಕಣ್ಣು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಹೋಗಿ ಅದೇ ಕಲ್ಲು ಎತ್ತಿದೆ. ಗೂಡು ಖಾಲಿ. ಇರುವೆಗಳು ಮನೆ ಬದಲಾಯಿಸಿವೆ, ಅವುಗಳ ಜೊತೆ ಅದೂ ಹೋಗಿದೆ. ನಾನು ಕಲ್ಲು ಎತ್ತಿದ್ದಕ್ಕೇ ಹೋದವೋ ಏನೋ. ಪ್ರಭೇದ ಗೊತ್ತಾಗಬೇಕಾದರೆ ಏನೇನು ನೋಡಬೇಕಿತ್ತು ಹೇಳಿ.

ಗಟ್ಟಿರೆಕ್ಕೆ:
ನೇರ ಮೇಲಿನಿಂದ ಒಂದು ಫೋಟೋ, ಬದಿಯಿಂದ ಒಂದು, ಹೊಟ್ಟೆಯದು ಒಂದು. ಮೀಸೆಯ ಗದೆಯನ್ನು ಎರಡು ಕೋನದಿಂದ, ಅದರ ಹಿಂದಿನ ಅಂಚಿನ ಹಲ್ಲು, ಗುಳಿ ಕಾಣುವಂತೆ. ಕತ್ತಿನ ಫಲಕಕ್ಕೆ ಅಡ್ಡ ಗೆರೆ ಇದೆಯಾ ನೋಡಿ. ಜೊತೆಗಿದ್ದ ಇರುವೆಯ ಫೋಟೋ ಕಡ್ಡಾಯ. ಇಷ್ಟಾದರೂ ಕೆಲವು ಪ್ರಭೇದಗಳನ್ನು ಗಂಡಿನ ಜನನಾಂಗ ಬಿಡಿಸಿ ನೋಡದೆ ಹೇಳಲು ಬರುವುದಿಲ್ಲ.

ಕಲ್ಲು ಎತ್ತಿ ಎತ್ತಿ ಗೂಡು ಹಾಳು ಮಾಡಬೇಡಿ. ಮೊದಲ ಮಳೆಗಳ ಹೊತ್ತಿಗೆ ಇವು ರಾತ್ರಿ ಹಾರಿ ದೀಪಕ್ಕೆ ಬರುತ್ತವೆ. ಒಂದು ಬಿಳಿ ಬಟ್ಟೆ ಕಟ್ಟಿ ದೀಪ ಹಾಕಿ ಕಾಯಿರಿ. ಸದ್ಯಕ್ಕೆ ಇದನ್ನು 'ಪೌಸಸ್, ಪ್ರಭೇದ ಗೊತ್ತಿಲ್ಲ, ಫೈಡೋಲಿ ಗೂಡಿನಲ್ಲಿ' ಅಂತ ಬರೆದುಕೊಂಡಿದ್ದೇನೆ.

ಪ್ರಶ್ನೆಪತ್ರಿಕೆ:
ನನ್ನ ಹಳೆಯ ಪುಸ್ತಕದಲ್ಲಿ ಪೌಸಿಡೇ ಅನ್ನುವುದರ ಪಕ್ಕ ಪೆನ್ಸಿಲ್‌ನಲ್ಲಿ 'ಕ್ಯಾರಬಿಡೇ ನೋಡಿ' ಅಂತ ಬರೆದಿದ್ದೇನೆ. ಪೆನ್ನಿನಲ್ಲಿ ಬರೆಯಲು ಧೈರ್ಯ ಸಾಲದು.

ಹಳೇ ಲೆನ್ಸ್:
ನಾನು ಮೇಲೆ 'ಸಗಣಿ ಹುಳ' ಅಂದದ್ದನ್ನು ಅಳಿಸುವುದಿಲ್ಲ, ಇರಲಿ. ಕಲ್ಲಡಿಯವರೇ, ಬೆರಳಿನ ಕಲೆ ಹೋಯಿತೇ?

ಕಲ್ಲಡಿ ಕಣ್ಣು:
ಇನ್ನೂ ಇದೆ. ಫೋಟೋ ತೆಗೆದು ಇಟ್ಟಿದ್ದೇನೆ. ಇದೊಂದು ಮಾತ್ರ ಅಲ್ಲಾಡಿಲ್ಲ.